ಉಪ್ಪುನೀರಿನ ಭತ್ತ, ಒಗ್ಗಟ್ಟಿನ ಒಡ್ಡು

ಕಗ್ಗ ಎಂದೊಡನೆ ಮೈಸೂರಿನ ಓದುಗರಿಗೆ ನೆನಪಾಗುವುದು ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’. ಆದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ರೈತರ ನಡುವೆ ಈ ಮಾತೆತ್ತಿದರೆ ಅವರು ತೋರಿಸುವುದು ಒಂದು ಭತ್ತವನ್ನು. ಎದೆಯೆತ್ತರಕ್ಕೆ ಬೆಳೆಯುವ ಈ ಭತ್ತ ನೆರೆ ಬಂದು ಕೆಲವು ದಿನ ಮುಳುಗಿದರೂ ಕೊಳೆಯುವುದಿಲ್ಲ. ಗೊಬ್ಬರ ಬೇಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಭತ್ತಗಳು ಸುಟ್ಟು ಹೋಗುವಂತಹ ಉಪ್ಪಿನ ನೆಲದಲ್ಲಿ ಇದು ತೆನೆ ಬಿಡುತ್ತದೆ.

ಇದು ಬೆಳೆಯುವ ಜಾಗ ಅಘನಾಶಿನಿ ನದಿಯ ಅಳಿವೆ. ಅಲ್ಲಿಯ ಗದ್ದೆಗಳಿಗೆ ‘ಗಜನಿ’ ಎಂದು ಹೆಸರು. ಈ ಗಜನಿಯನ್ನು ಉಳಿಸಿಕೊಳ್ಳಲು ಊರಿನವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಒಂದು ಒಪ್ಪಂದವಿದೆ. ಅದರಲ್ಲಿ ವಿಜ್ಞಾನವೂ ಇದೆ, ಚರಿತ್ರೆಯೂ ಇದೆ.

ಅಳಿವೆ ಎಂದರೇನು?

ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿನೊಡನೆ ಬೆರೆಯುವ ತಾಣವೇ ಅಳಿವೆ. ಕಾವೇರಿಯನ್ನು ನೋಡಿ ಬೆಳೆದ ಮೈಸೂರಿನ ವಿದ್ಯಾರ್ಥಿಗಳಿಗೆ ಇದು ಸ್ವಲ್ಪ ಹೊಸದು. ಕಾವೇರಿ ಪೂರ್ವಕ್ಕೆ ನಿಧಾನವಾಗಿ ಹರಿದು, ತಾನು ಹೊತ್ತು ತಂದ ಮಣ್ಣನ್ನು ತಮಿಳುನಾಡಿನ ಕರಾವಳಿಯಲ್ಲಿ ಹರಡಿ, ಕವಲೊಡೆದು ಮುಖಜಭೂಮಿಯನ್ನು ನಿರ್ಮಿಸಿದೆ. ಪಶ್ಚಿಮಕ್ಕೆ ಹರಿಯುವ ನದಿಗಳ ದಾರಿ ಬೇರೆ. ಅವು ಘಟ್ಟದಿಂದ ಧುಮುಕಿ ಸ್ವಲ್ಪ ದೂರದಲ್ಲಿಯೇ ಕಡಲು ಸೇರುತ್ತವೆ. ಅಲ್ಲಿ ಕಡಲೇ ನದಿಯೊಳಕ್ಕೆ ನುಗ್ಗಿ ಬರುತ್ತದೆ.

ಅಘನಾಶಿನಿ ಶಿರಸಿಯ ಸೀಮೆಯಲ್ಲಿ ಹುಟ್ಟುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬಿದ್ದು, ಒಟ್ಟು ಸುಮಾರು 120 ಕಿಲೋಮೀಟರ್ ಸಾಗಿ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಕುಮಟೆಯ ಕಡೆಯಿಂದ ಹೆದ್ದಾರಿಯಲ್ಲಿ ಗೋಕರ್ಣಕ್ಕೆ ಪ್ರವಾಸ ಹೋದ ಶಾಲಾ ಮಕ್ಕಳು ಮಿರ್ಜಾನ್ ಬಳಿ ಇದರ ಸೇತುವೆಯನ್ನು ದಾಟಿಯೇ ಹೋಗಿರುತ್ತಾರೆ.

ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಇಲ್ಲಿ ಉಬ್ಬರ ಬರುತ್ತದೆ, ನಡುವೆ ಇಳಿತ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದುಗೂಡುವುದರಿಂದ ಉಬ್ಬರವೂ ದೊಡ್ಡದು. ಬೇಸಿಗೆಯಲ್ಲಿ ನದಿ ಸೊರಗಿದಾಗ ಉಪ್ಪುನೀರು ಬಹುದೂರ ಒಳಗೆ ಬರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಗಜನಿಯ ಬೇಸಾಯವೆಲ್ಲ ನಿಂತಿರುವುದು ಈ ತಳ್ಳಾಟದ ಮೇಲೆ.

ಉಪ್ಪಿಗೂ ಬೇರಿಗೂ ಏನು ಜಗಳ?

ಉಪ್ಪಿನಕಾಯಿ ಹಾಕುವಾಗ ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ನಿಂತಿರುತ್ತದೆ. ಹೋಳುಗಳು ಮುದುಡಿರುತ್ತವೆ. ಹೊರಗೆ ಉಪ್ಪು ಹೆಚ್ಚಾಗಿದ್ದರಿಂದ ಜೀವಕೋಶದ ಒಳಗಿನ ನೀರು ಪೊರೆಯನ್ನು ದಾಟಿ ಹೊರಕ್ಕೆ ಬಂದಿದೆ. ಪಾಠದಲ್ಲಿ ಅಭಿಸರಣೆ ಎಂದು ಓದುವುದು ಇದನ್ನೇ.

ಗದ್ದೆಯಲ್ಲಿಯೂ ಆಗುವುದು ಇದೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಂತಹ ನೀರು ಬೇರಿನ ಸುತ್ತ ನಿಂತರೆ ಸಾಧಾರಣ ಭತ್ತದ ಸಸಿ ನೀರಿನ ನಡುವೆಯೇ ಬಾಯಾರಿ ಒಣಗುತ್ತದೆ. ಬೇರಿನ ಮೂಲಕ ಒಳಸೇರಿದ ಸೋಡಿಯಂ ಎಲೆಗಳಿಗೂ ಹಾನಿ ಮಾಡುತ್ತದೆ. ಕಗ್ಗಕ್ಕೆ ಈ ಎರಡೂ ತೊಂದರೆಗಳನ್ನು ಬೇರೆ ತಳಿಗಳಿಗಿಂತ ಹೆಚ್ಚು ತಾಳಿಕೊಳ್ಳುವ ಗುಣವಿದೆ. ಕೇರಳದ ಪೊಕ್ಕಾಳಿ, ಗೋವಾದ ಕೊರಗುಟ್ ತಳಿಗಳು ಇದರ ಬಂಧುಗಳಿದ್ದಂತೆ.

ಆದರೆ ಕಗ್ಗವಾದರೂ ನೇರವಾಗಿ ಸಮುದ್ರದ ನೀರಿನಲ್ಲಿ ಬೆಳೆಯಲಾರದು. ಮುಂಗಾರಿನ ಮಳೆ ನೆಲದ ಉಪ್ಪನ್ನು ತೊಳೆಯಬೇಕು. ಆಮೇಲೆ ರೈತರು ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಮಳೆಗಾಲ ಮುಗಿದು ಹೊಳೆಯ ನೀರು ಮತ್ತೆ ಉಪ್ಪಾಗುವುದರೊಳಗೆ ತೆನೆ ಬಲಿತಿರಬೇಕು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಸಿಗಡಿ ಮತ್ತು ಮೀನಿನ ಮರಿಗಳಿಗೆ ಆಹಾರವಾಗುತ್ತದೆ. ಉಬ್ಬರದೊಡನೆ ಬಂದ ಮರಿಗಳು ಅಲ್ಲಿ ಬೆಳೆಯುತ್ತವೆ, ಅವುಗಳನ್ನು ಹುಡುಕಿ ಹಕ್ಕಿಗಳು ಬರುತ್ತವೆ. ಅವು ಬಿಟ್ಟ ಕಸವೂ ಹಿಕ್ಕೆಯೂ ಮುಂದಿನ ಭತ್ತಕ್ಕೆ ಗೊಬ್ಬರ. ಹೀಗೆ ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು.

ಒಬ್ಬರಿಂದ ಆಗದ ಕೆಲಸ

ಇಷ್ಟಕ್ಕೂ ಆಧಾರ ಒಡ್ಡು. ಗಜನಿಯ ಸುತ್ತ ಮಣ್ಣಿನ ಒಡ್ಡು, ಅದರಲ್ಲಿ ಅಲ್ಲಲ್ಲಿ ನೀರಿನ ಬಾಗಿಲುಗಳು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಬಾಗಿಲು ತೆರೆದು ಹೆಚ್ಚಾದ ನೀರನ್ನು ಹೊರಬಿಡಬೇಕು. ಉಬ್ಬರಕ್ಕೆ ಮೊದಲೇ ಅದನ್ನು ಮುಚ್ಚಬೇಕು. ಒಂದು ದಿನ ಮೈಮರೆತರೆ ಉಪ್ಪುನೀರು ಒಳಗೆ ಬರುತ್ತದೆ. ಬಂದ ನೀರು ಇದು ಯಾರ ಗದ್ದೆ ಎಂದು ಕೇಳುವುದಿಲ್ಲ. ಒಡ್ಡು ಒಂದು ಕಡೆ ಒಡೆದರೆ ನೂರಾರು ಎಕರೆ ಬೆಳೆ ಹೋಗುತ್ತದೆ.

ಆದ್ದರಿಂದ ಗಜನಿಯಲ್ಲಿ ಒಂಟಿ ಬೇಸಾಯ ಸಾಧ್ಯವಿರಲಿಲ್ಲ. ಹಾಲಕ್ಕಿ ಒಕ್ಕಲಿಗರೇ ಮೊದಲಾದ ಸಮುದಾಯಗಳ ರೈತರು ಒಟ್ಟುಗೂಡಿ ಒಡ್ಡು ಕಟ್ಟುತ್ತಿದ್ದರು, ಒಟ್ಟಾಗಿಯೇ ಕಾಯುತ್ತಿದ್ದರು. ಬಾಗಿಲು ಯಾವಾಗ ತೆರೆಯಬೇಕು, ಬೀಜ ಎಂದು ಎರಚಬೇಕು, ಮೀನು ಹಿಡಿಯುವ ಹಕ್ಕು ಯಾರಿಗೆ ಎಂಬುದೆಲ್ಲ ಎಲ್ಲರೂ ಸೇರಿ ತೀರ್ಮಾನಿಸುವ ಸಂಗತಿಗಳಾಗಿದ್ದವು. ಗೋವಾದಲ್ಲಿ ಇಂತಹ ಗದ್ದೆಗಳನ್ನು ‘ಖಜಾನ್’ ಎನ್ನುತ್ತಾರೆ. ಅಲ್ಲಿಯೂ ಗ್ರಾಮಸಮುದಾಯವೇ ಅವುಗಳನ್ನು ನೋಡಿಕೊಳ್ಳುತ್ತಿತ್ತು.

ಒಪ್ಪಂದ ಸಡಿಲವಾದಾಗ

1960 ಮತ್ತು 70ರ ದಶಕಗಳಲ್ಲಿ ಸರ್ಕಾರ ಇಲ್ಲಿ ಕಲ್ಲಿನ ಕಾಯಂ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಪ್ರತಿವರ್ಷ ಮಣ್ಣು ಹೊರುವ ಶ್ರಮ ತಪ್ಪಿತು. ಆದರೆ ಅದರೊಡನೆ ಪ್ರತಿವರ್ಷ ಒಟ್ಟುಗೂಡುವ ಅಗತ್ಯವೂ ಕಡಿಮೆಯಾಯಿತು. ‘ಒಡ್ಡು ಸರ್ಕಾರದ್ದು, ದುರಸ್ತಿಯೂ ಸರ್ಕಾರದ್ದು’ ಎಂಬ ಭಾವನೆ ಬೆಳೆಯಿತು. ಕಲ್ಲಿನ ಒಡ್ಡೂ ಸವೆಯುತ್ತದೆ, ಬಾಗಿಲೂ ಹಾಳಾಗುತ್ತದೆ.

ಆಮೇಲೆ ಬಂದದ್ದು ಸಿಗಡಿಯ ಬೆಲೆ. 1990ರ ಹೊತ್ತಿಗೆ ಹೊರದೇಶಗಳಲ್ಲಿ ಸಿಗಡಿಗೆ ಬೇಡಿಕೆ ಏರಿ, ಅನೇಕ ಗಜನಿಗಳು ಗುತ್ತಿಗೆಗೆ ಹೋದವು. ಭತ್ತಕ್ಕೆ ಸಿಹಿನೀರು ಬೇಕು, ಸಿಗಡಿಗೆ ಉಪ್ಪುನೀರು. ಬಾಗಿಲು ಮಾತ್ರ ಒಂದೇ. ಸಿಗಡಿಗಾಗಿ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಕಡೆಗಳಲ್ಲಿ ಪಕ್ಕದವನು ಭತ್ತ ಬಿತ್ತಬೇಕೆಂದರೂ ಬಿತ್ತಲಾಗಲಿಲ್ಲ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಭಾರತದ ಸಿಗಡಿ ಕೊಳಗಳನ್ನು ಹಾಳುಮಾಡಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಕೃಷಿಗೆ ತಡೆ ಹಾಕಿತು. ಅಷ್ಟರಲ್ಲಿ ಬಹಳಷ್ಟು ಮನೆಗಳಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ.

ಕುಮಟಾ ತಾಲೂಕಿನ ಮಾಣಿಕಟ್ಟಾದ ರೈತರು ಈ ನಷ್ಟವನ್ನು ತುಂಬಿಕೊಳ್ಳಲು ಹೊರಟರು. ಅವರು ಮತ್ತೆ ಸಂಘ ಕಟ್ಟಿಕೊಂಡು, ಕೂಡುಬೇಸಾಯದ ರೀತಿಯಲ್ಲಿ ಕಗ್ಗವನ್ನು ಬೆಳೆಯುತ್ತ ಬಂದಿದ್ದಾರೆ. ಬಿತ್ತನೆಯೂ ಕೊಯ್ಲೂ ಎಲ್ಲರದು. ಹೊನ್ನಾವರ ಬಳಿಯ ಕಾಸರಕೋಡಿನ ಸ್ನೇಹಕುಂಜ ಸಂಸ್ಥೆ ಅಳಿವೆಯ ಜನರೊಡನೆ ಕೆಲಸ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಕುಮಟೆಯಲ್ಲಿ ಕ್ಷೇತ್ರ ಕೇಂದ್ರವಿಟ್ಟುಕೊಂಡು ಇಲ್ಲಿನ ಜೀವಸಂಪತ್ತನ್ನು ಅಳೆದು ದಾಖಲಿಸಿದ್ದಾರೆ. ಅರಣ್ಯ ಇಲಾಖೆ ಕಾಂಡ್ಲಾ ಗಿಡಗಳನ್ನು ನೆಡಿಸಿದೆ.

ಕಾಂಡ್ಲಾ, ಬಳಚು, ಕೋಟೆ

ಕಾಂಡ್ಲಾ ಎಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮರಗಿಡಗಳಿಗೆ ಇಲ್ಲಿಯವರ ಹೆಸರು. ಕೆಸರಿನಲ್ಲಿ ಗಾಳಿ ಸಾಲದಾದ್ದರಿಂದ ಇವುಗಳಲ್ಲಿ ಕೆಲವು ಉಸಿರಾಟಕ್ಕಾಗಿ ಬೇರುಗಳನ್ನು ಮೇಲಕ್ಕೆ ಚಾಚುತ್ತವೆ. ಇನ್ನು ಕೆಲವು ಕಾಯಿ ಮರದಲ್ಲಿರುವಾಗಲೇ ಬೀಜವನ್ನು ಮೊಳೆಯಿಸಿ ಸಸಿಯನ್ನೇ ಕೆಳಗೆ ಬಿಡುತ್ತವೆ. ಇವುಗಳ ಬೇರುಗಳ ನಡುವೆ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ಒಡ್ಡಿಗೆ ಬಡಿಯುವ ಅಲೆಯ ಪೆಟ್ಟನ್ನೂ ಇವು ತಗ್ಗಿಸುತ್ತವೆ.

ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಕೆಸರಿಗಿಳಿದು ಬಳಚು ಹೆಕ್ಕುತ್ತಾರೆ. ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಬಾಳುವ ಮೃದ್ವಂಗಿ. ಅದು ನೀರನ್ನು ಸೋಸಿ ಆಹಾರ ಪಡೆಯುತ್ತದೆ, ಹಾಗೆ ಮಾಡುತ್ತಲೇ ನೀರನ್ನು ತಿಳಿಯಾಗಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನದ ಪ್ರಕಾರ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ದೊರೆಯುತ್ತಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ದುಡಿಮೆಯಾಗಿತ್ತು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಊರಿನವರು ವಿರೋಧಿಸಿದರು. ಅವರ ಮಾತಿಗೆ ಇಂತಹ ಅಂಕಿಗಳು ಬಲ ಕೊಟ್ಟವು. ಆ ಸ್ಥಾವರ ಅಲ್ಲಿ ಬರಲಿಲ್ಲ.

ಅಳಿವೆಯ ದಡದಲ್ಲಿಯೇ ಜಂಬಿಟ್ಟಿಗೆ ಕಲ್ಲಿನ ಮಿರ್ಜಾನ್ ಕೋಟೆ ಇದೆ. 16ನೆಯ ಶತಮಾನದಲ್ಲಿ ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿತ್ತು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಕೋಟೆಯನ್ನು ಇಲ್ಲಿ ಕಟ್ಟಲು ಕಾರಣವೂ ಉಬ್ಬರವೇ. ಉಬ್ಬರದ ನೀರಿನೊಡನೆ ದೋಣಿಗಳು ಒಳನಾಡಿನತ್ತ ಬರಬಹುದಿತ್ತು, ಘಟ್ಟದಿಂದ ಇಳಿದ ಮೆಣಸನ್ನು ತುಂಬಿಕೊಂಡು ಇಳಿತದೊಡನೆ ಕಡಲಿಗೆ ಮರಳಬಹುದಿತ್ತು. 2000-01ರ ಉತ್ಖನನದಲ್ಲಿ ಇಲ್ಲಿ ಚೀನಾದ ಪಿಂಗಾಣಿ ಚೂರುಗಳು ದೊರೆತವು.

ರಾಮ್‌ಸಾರ್ ಪಟ್ಟಿ

ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. 1982ರಲ್ಲಿ ಭಾರತ ಅದನ್ನು ಸೇರಿತು. ಕರ್ನಾಟಕದಿಂದ ಈ ಪಟ್ಟಿಗೆ ಮೊದಲು ಸೇರಿದ್ದು, 2022ರಲ್ಲಿ, ಮೈಸೂರಿನ ನೆರೆಯ ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರು 1645-48ರಲ್ಲಿ ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಅಲ್ಲಿಯ ನಡುಗಡ್ಡೆಗಳು ಉಂಟಾದವು. ಹಕ್ಕಿಗಳು ಆಮೇಲೆ ಅದನ್ನು ತಮ್ಮದಾಗಿಸಿಕೊಂಡವು. 2024ರಲ್ಲಿ ಮಾಗಡಿ ಕೆರೆ ಮತ್ತು ಅಂಕಸಮುದ್ರದ ಜೊತೆಗೆ ಅಘನಾಶಿನಿಯ ಅಳಿವೆಯೂ ಪಟ್ಟಿ ಸೇರಿತು. ಅದರ ವಿಸ್ತೀರ್ಣ 4,801 ಹೆಕ್ಟೇರ್.

ಪಟ್ಟಿಗೆ ಸೇರಿದರೆ ಗೌರವ ದೊರೆಯುತ್ತದೆ, ಯೋಜನೆಗಳನ್ನು ತರುವವರು ಎರಡು ಸಲ ಯೋಚಿಸಬೇಕಾಗುತ್ತದೆ. ಆದರೆ ನೀರಿನ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಮುಚ್ಚಲು ಮನುಷ್ಯರೇ ಬೇಕು. ಕಗ್ಗದ ಬೀಜದ ಮಾತೂ ಹಾಗೆಯೇ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪಿನಲ್ಲಿ ಬಹುಕಾಲ ಕಾಪಾಡಬಹುದು. ಕರಾವಳಿಯ ಸೆಕೆಯಲ್ಲಿ ಮನೆಯ ಮೂಟೆಯೊಳಗಿನ ಭತ್ತ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನು ಉಬ್ಬರ ನೋಡಿ ಬಾಗಿಲು ಮುಚ್ಚುವ ತಿಳಿವಳಿಕೆಯನ್ನೂ ನೆರೆಯವರೊಡನೆ ಮಾಡಿಕೊಂಡ ಒಪ್ಪಂದವನ್ನೂ ಯಾವ ತಂಪುಪೆಟ್ಟಿಗೆಯಲ್ಲಿಯೂ ಇಡಲಾಗದು. ಅವು ಉಳಿಯಬೇಕಾದರೆ ಪ್ರತಿವರ್ಷ ಬಿತ್ತಬೇಕು. ಮಕ್ಕಳು ಅದನ್ನು ನೋಡಿ ಕಲಿಯಬೇಕು. ಬೆಳೆದವರಿಗೆ ತಕ್ಕ ಬೆಲೆಯೂ ಸಿಗಬೇಕು, ಏಕೆಂದರೆ ಬರಿಯ ಹೊಗಳಿಕೆಯಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.

ಮಾಡಿ ನೋಡಿ

ಮೂರು ತಟ್ಟೆಗಳಲ್ಲಿ ಹತ್ತಿ ಹರಡಿ, ಒಂದೊಂದರಲ್ಲೂ 20 ಹೆಸರುಕಾಳು ಇಡಿ. ಮೊದಲನೆಯದಕ್ಕೆ ಬರಿಯ ನೀರು. ಎರಡನೆಯದಕ್ಕೆ ಒಂದು ಲೀಟರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿದ ನೀರು. ಮೂರನೆಯದಕ್ಕೆ ಒಂದು ಲೀಟರಿಗೆ ಆರು ಚಮಚ ಉಪ್ಪು ಕರಗಿಸಿದ ನೀರು. ಇದು ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪು. ಹತ್ತಿ ಒಣಗದಂತೆ ಐದು ದಿನ ನೋಡಿಕೊಳ್ಳಿ. ಎಷ್ಟು ಕಾಳು ಮೊಳೆತವು, ಮೊಳಕೆ ಎಷ್ಟು ಉದ್ದ ಎಂದು ದಿನವೂ ಬರೆದಿಡಿ. ಭತ್ತ ದೊರೆತರೆ ಅದನ್ನೂ ಇಟ್ಟು ಹೋಲಿಸಿ. ಮೂರನೆಯ ತಟ್ಟೆಯನ್ನು ನೋಡಿದಾಗ, ಬಾಗಿಲು ಮುಚ್ಚಲು ಮರೆತ ಒಂದು ದಿನಕ್ಕೆ ಗಜನಿಯ ರೈತ ಏಕೆ ಅಷ್ಟು ಹೆದರುತ್ತಾನೆ ಎಂಬುದು ತಿಳಿಯುತ್ತದೆ.