ಕಂಬ ಉರುಳಿತು, ಕಥೆ ಎಲ್ಲಿ ಹೋಯಿತು?

ಕನ್ನಡದ ಯುವಕರೇ, ಕಾರ್ಪೊರೇಷನ್ ವೃತ್ತದಲ್ಲಿ ದಿನಾ ಓಡಾಡುತ್ತೀರಿ. ಅಲ್ಲಿ ಕೆಂಪೇಗೌಡರ ಪ್ರತಿಮೆ ಇದೆ, ಕೈ ಮುಗಿಯೋಣ. ಅದಕ್ಕೂ ಮೊದಲು ಅಲ್ಲಿ ಏನಿತ್ತು? ಗೆಳೆಯರನ್ನು ಕೇಳಿ ನೋಡಿ. ಹತ್ತರಲ್ಲಿ ಒಬ್ಬ ಹೇಳಿದರೆ ಹೆಚ್ಚು!

ಅಲ್ಲಿ ಸೆನೊಟಾಫ್ ಎಂಬ ಕಲ್ಲಿನ ಕಂಬವಿತ್ತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಪೇಟೆಗೆ, ಕೋಟೆಗೆ ನುಗ್ಗಿತಲ್ಲ, ಆಗ ಸತ್ತ ಕಂಪನಿ ಪಡೆಯವರ ಸ್ಮಾರಕ ಅದು. ಊರು ಹೊಡೆದವರಿಗೆ ಊರ ನಡುವೆಯೇ ಕಂಬ! ಕನ್ನಡ ಚಳವಳಿಗಾರರು ಸುಮ್ಮನಿರಲಿಲ್ಲ. 1964ರ ಅಕ್ಟೋಬರ್ 28ರಂದು ನಗರಪಾಲಿಕೆಯೇ ಅದನ್ನು ಕೆಡವಿತು. ಸ್ವಾತಂತ್ರ್ಯ ಬಂದು 17 ವರ್ಷದ ಮೇಲೆ! ಕೆಡವಿದ್ದು ನೂರಕ್ಕೆ ನೂರು ಸರಿ.

ಆದರೆ ಕಂಬದ ಜೊತೆ ಕಥೆಯೂ ಮಣ್ಣಾಯಿತು. 1791ರ ಮಾರ್ಚ್ 21ರ ರಾತ್ರಿ ಕೋಟೆಯ ಗೋಡೆ ಒಡೆದಾಗ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟ. ಇವತ್ತು ಕೋಟೆಗೆ ಹೋಗಿ. ಬ್ರಿಟಿಷರು ಇಲ್ಲಿಂದಲೇ ನುಗ್ಗಿದರು ಎಂದು ಇಂಗ್ಲಿಷಿನಲ್ಲಿ ಕೆತ್ತಿದ ಕಲ್ಲು ಗೋಡೆಯಲ್ಲಿದೆ. ನುಗ್ಗಿದವರ ಹೆಸರಿದೆ, ತಡೆದು ಸತ್ತವನ ಹೆಸರು ಆ ಕಲ್ಲಿನಲ್ಲಿಲ್ಲ!

ನನ್ನದೊಂದು ಸಣ್ಣ ಮುದ್ರಣಾಲಯ. ಓದಿದ್ದು ಪಿಯುಸಿ. ಈಚೆಗೆ ಒಬ್ಬರು ಆಹ್ವಾನ ಪತ್ರಿಕೆ ಅಚ್ಚು ಹಾಕಿಸಲು ಬಂದರು. ಪರ್ಫಾರ್ಮೆನ್ಸ್ ಆರ್ಟ್ ಅಂತೆ. ಅಂದರೆ ಕಲಾವಿದ ಚಿತ್ರ ಬರೆಯುವುದಿಲ್ಲ, ತಾನೇ ಜನರೆದುರು ನಿಂತು ತನ್ನ ಮೈಯಿಂದಲೇ ಮಾತಾಡುತ್ತಾನೆ. ವಿಷಯ ಬ್ರಿಟಿಷರ ಕಾಲದ ನೆನಪು, ಪ್ರತಿಮೆಗಳು. ಒಳ್ಳೆಯ ವಿಷಯ! ಆದರೆ ಪತ್ರಿಕೆಯಲ್ಲಿ ಒಂದಕ್ಷರ ಕನ್ನಡವಿಲ್ಲ. "ಎರಡು ಸಾಲು ಕನ್ನಡ ಹಾಕೋಣ ಸಾರ್" ಎಂದೆ. "ಬರುವವರಿಗೆ ಅದು ಬೇಕಾಗಿಲ್ಲ" ಎಂದರು. ಹೊಟ್ಟೆಪಾಡು, ಅಚ್ಚು ಹಾಕಿ ಕೊಟ್ಟೆ. ನಾಚಿಕೆಯೂ ಆಯಿತು. ಇಂಗ್ಲಿಷರ ದಬ್ಬಾಳಿಕೆಯನ್ನು ಇಂಗ್ಲಿಷಿನಲ್ಲೇ, ನಾಲ್ಕು ಗೋಡೆಗಳ ಒಳಗೆ, ಎಸಿ ಹಾಕಿಕೊಂಡು ಖಂಡಿಸುವುದು! ಇದೆಂಥ ನೆನಪು ಸ್ವಾಮಿ?

ಕಲೆ ತಪ್ಪಲ್ಲ. ದಕ್ಷಿಣ ಆಫ್ರಿಕಾ ನೋಡಿ. ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ತಿಂಗಳು ಹೋರಾಡಿ ಸೆಸಿಲ್ ರೋಡ್ಸನ ಪ್ರತಿಮೆಯನ್ನು ತೆಗೆಸಿದರು. 2015ರ ಏಪ್ರಿಲ್ 9ರಂದು ಕ್ರೇನ್ ಅದನ್ನು ಎತ್ತುವಾಗ ಸೆಥೆಂಬಿಲೆ ಮ್ಸೆಜಾನೆ ಎಂಬ ಕಪ್ಪು ಯುವತಿ ತೋಳಿಗೆ ರೆಕ್ಕೆ ಕಟ್ಟಿಕೊಂಡು, ಸಾವಿರಾರು ಜನರ ನಡುವೆ ಪೀಠವೇರಿ ಗಂಟೆಗಟ್ಟಲೆ ನಿಂತಳು. ಪ್ರತಿಮೆ ಮೇಲೆದ್ದಾಗ ಅವಳ ರೆಕ್ಕೆಯೂ ಎದ್ದಿತು. ಇಳಿದವನು ಯಾರು, ಎದ್ದವಳು ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅದು ಬಯಲಲ್ಲಿ ನಡೆಯಿತು, ಅದಕ್ಕೇ ಉಳಿಯಿತು.

ನಮಗೇನು ಇದು ಹೊಸದೇ? 1857ರ ಹಲಗಲಿ ಬೇಡರನ್ನು ಉಳಿಸಿದ್ದು ಕಲ್ಲಲ್ಲ, ಲಾವಣಿ! ಸಮುದಾಯದವರು 70ರ ದಶಕದಲ್ಲೇ ಬೀದಿಯನ್ನು ರಂಗ ಮಾಡಿದರು. ಹಗಲುವೇಷದವರಿಗೆ ಆಹ್ವಾನ ಪತ್ರಿಕೆಯೇ ಬೇಕಾಗಲಿಲ್ಲ.

ಆದ್ದರಿಂದ ಗೆಳೆಯರೇ, ಇನ್ನೊಂದು ಪ್ರತಿಮೆಗಾಗಿ ಮನವಿ ಬರೆಯುತ್ತ ಕೂರಬೇಡಿ. ಮಾರ್ಚ್ 21ಕ್ಕೆ ಕೋಟೆಯ ಮುಂದೆ, ಅಕ್ಟೋಬರ್ 28ಕ್ಕೆ ಕಾರ್ಪೊರೇಷನ್ ಮುಂದೆ ನಿಲ್ಲಿ. ಬಹದ್ದೂರ್ ಖಾನನ ವೇಷ ಕಟ್ಟಿ, ಕಂಬವಾಗಿ ನಿಂತು ಉರುಳಿ ತೋರಿಸಿ. ಬಸ್ಸಿಗೆ ಕಾಯುವವರು ತಿರುಗಿ ನೋಡಲಿ, ಕನ್ನಡದಲ್ಲಿ ಕೇಳಲಿ, ಕನ್ನಡದಲ್ಲೇ ಉತ್ತರ ಸಿಗಲಿ. ಕರಪತ್ರ ಬೇಕಿದ್ದರೆ ನನ್ನ ಮುದ್ರಣಾಲಯಕ್ಕೆ ಬನ್ನಿ. ಕಾಗದದ ಹಣ ಕೊಡಿ ಸಾಕು, ಅಚ್ಚು ನನ್ನದು.

ನಿಮ್ಮ ಹಿರಿಯರು ಕಂಬ ಉರುಳಿಸಿದರು. ಕಥೆ ಎಬ್ಬಿಸುವುದು ನಿಮ್ಮ ಪಾಳಿ!