ಬಸವನಹುಳುವಿನ ವಿಷ, ಕುಂದಲಹಳ್ಳಿ ಗೇಟಿನ ಮದ್ದು

ರಿಲೀಸು, ಬಗ್ಗು ಅಂತ ಮುಳುಗಿ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಈ ಸಲ ಬರೆಯೋಕೆ ಕೂರಿಸಿದ್ದು ಒಂದು ಬಸವನಹುಳು :)

ಕೋನ್ ಸ್ನೇಲ್ ಅಂತ ಅದರ ಹೆಸರು. ಕಡಲಲ್ಲಿರುತ್ತೆ. ಹಲ್ಲನ್ನೇ ಈಟಿಯ ಹಾಗೆ ಚುಚ್ಚಿ, ವಿಷ ಹಾಯಿಸಿ ಮೀನು ಹಿಡಿಯುತ್ತೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಬಾಲ್ಡೊಮೆರೊ ಒಲಿವೆರಾ ಅವರ ಲ್ಯಾಬಿನಲ್ಲಿ ಮೈಕೆಲ್ ಮೆಕಿಂಟಾಷ್ ಎಂಬ ವಿದ್ಯಾರ್ಥಿಗೆ ಈ ವಿಷದಲ್ಲಿ 25 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್ ಸಿಕ್ಕಿತು. ಅದನ್ನೇ ಕೃತಕವಾಗಿ ತಯಾರಿಸಿದ್ದು ಝಿಕೊನೊಟೈಡ್ ಎಂಬ ಔಷಧ. 2004ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ನಮ್ಮ ಭಾಷೆಯಲ್ಲಿ ಫೈರ್‌ವಾಲ್ ಅನ್ನಿ: ಬೆನ್ನುಹುರಿಯಲ್ಲಿ ನೋವಿನ ಸಂದೇಶ ದಾಟೋಕೆ ಬೇಕಾದ ಕ್ಯಾಲ್ಸಿಯಂ ಬಾಗಿಲನ್ನೇ ಮುಚ್ಚುತ್ತೆ. ಮಾರ್ಫಿನ್ ಜಾತಿಯದಲ್ಲ, ಚಟ ಹತ್ತಲ್ಲ. ಇಂಥ ವಿಷಗಳ ಮೇಲೆ ನಮ್ಮ ಐಐಎಸ್‌ಸಿಯಲ್ಲಿ ಪಿ. ಬಲರಾಮ್ ಅವರ ತಂಡವೂ ಕೆಲಸ ಮಾಡಿದೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಆದ್ರೆ ಇದು ನುಂಗೋ ಮಾತ್ರೆ ಅಲ್ಲ. ಪಂಪ್ ಇಟ್ಟು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಬಿಡಬೇಕು. ಡೋಸ್ ಸ್ವಲ್ಪ ಹೆಚ್ಚಾದರೂ ಮಂಕು, ಭ್ರಮೆ. ಖರ್ಚಂತೂ ಕೇಳಬೇಡಿ.

ನನ್ನ ತಕರಾರು ಇಲ್ಲಿದೆ. ಇಂಥ ಸುದ್ದಿಗೆ ನಾವೆಲ್ಲ ವಾವ್ ಅಂತೀವಿ. ಕ್ಯಾನ್ಸರ್ ನೋವಿಗೆ ದಶಕಗಳಿಂದ ಗೊತ್ತಿರೋ ಅಗ್ಗದ ಮದ್ದು ಮಾರ್ಫಿನ್ ಬಗ್ಗೆ ಮಾತೇ ಆಡಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸೋ ದೇಶ ನಮ್ಮದು. ಆದರೂ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಅಂದವು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು. ಮನಸ್ಸಿನೊಳಗಿನ ಹೆದರಿಕೆ ಸಡಿಲಾಗಿಲ್ಲ.

ಮಹದೇವಪುರದ ಕಡೆ ಕೆಲಸ ಮಾಡೋ ನಮಗೆ ಕುಂದಲಹಳ್ಳಿ ಗೇಟ್ ಅಂದ್ರೆ ಟ್ರಾಫಿಕ್ಕು, ಅಷ್ಟೇ. ಅಲ್ಲೇ ವರ್ತೂರು ರಸ್ತೆಯಲ್ಲಿ ‘ಕರುಣಾಶ್ರಯ’ ಇದೆ. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಒಂದು ಪೈಸೆ ತಗೊಳ್ಳದೆ ನೋಡಿಕೊಳ್ತಾ ಇದ್ದಾರೆ. ನೋವು ಕಮ್ಮಿ ಮಾಡೋದೇ ಅಲ್ಲಿ ಚಿಕಿತ್ಸೆ. ಎಷ್ಟು ಜನಕ್ಕೆ ಗೊತ್ತು?

ನಮ್ಮ ಮನೆಗಳಲ್ಲಿ ‘ಸ್ವಲ್ಪ ತಡ್ಕೋಪ್ಪಾ, ಚಟ ಆಗುತ್ತೆ’ ಅಂತೀವಿ. ಇನ್ನೆರಡು ತಿಂಗಳು ಬದುಕೋ ಅಜ್ಜಿಗೆ ಯಾವ ಚಟದ ಭಯ ರೀ? ಡಾಕ್ಟರು ಅಳೆದು ಕೊಟ್ಟಿದ್ದು ಚಟವಲ್ಲ, ರಾತ್ರಿ ನಿದ್ದೆ.

ವಿಜ್ಞಾನಿಗಳು ಹುಳು ಹಿಡೀಲಿ, ವಿಷ ಸೋಸಲಿ, ಖಂಡಿತ ಬೇಕು. ಜೊತೆಗೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಮಾರ್ಫಿನ್ ಮಾತ್ರೆ ಮತ್ತು ಅದನ್ನು ಬರೆದುಕೊಡೋಕೆ ಹೆದರದ ಒಬ್ಬ ಡಾಕ್ಟರು ಇರಲಿ. ನಾವು ಮೊದಲು ಕೇಳಬೇಕಾದ್ದು ಇದನ್ನ.

ನಿಮ್ಮೂರಿನ ಆಸ್ಪತ್ರೆಯಲ್ಲಿ ಹೇಗಿದೆ? ಕಮೆಂಟಿಸಿ.