ಸೊಸೆಕಲ್ಲಿನ ಮುಂದೆ

ಹಾಸನಾಂಬೆಯ ಗುಡಿಗೆ ಹೋಗಿ ಸೊಸೆಕಲ್ಲು ನೋಡದೆ ಬಂದವರುಂಟೆ? ಕತೆ ನಿಮಗೂ ಗೊತ್ತು. ದಿನಾ ಅಮ್ಮನ ದರ್ಶನಕ್ಕೆ ಬರುತ್ತಿದ್ದ ಸೊಸೆ. ಒಂದು ದಿನ ಅತ್ತೆ ಹಿಂದೆಯೇ ಬಂದಳು. ಮೈಮರೆತು ಕುಳಿತವಳನ್ನು ಕಂಡು, ಮನೆಗೆಲಸಕ್ಕಿಂತ ಇದೇ ಹೆಚ್ಚಾಯಿತೆ ಎಂದು ಅಲ್ಲಿದ್ದ ಚಂದ್ರಬಟ್ಟಲಿನಿಂದ ತಲೆಗೆ ಕುಕ್ಕಿದಳು. ‘ಅಮ್ಮಾ ಹಾಸನಾಂಬೆ’ ಎಂದು ಸೊಸೆ ಚೀರಿದಳು. ತಾಯಿ ಮರುಗಿ ಅವಳನ್ನು ಕಲ್ಲು ಮಾಡಿ ತನ್ನೆದುರೇ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ಅಮ್ಮನ ಕಡೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ.

‘ಎಂಥ ಪುಣ್ಯವಂತೆ!’ ಎನ್ನುತ್ತಾರೆ ಸಾಲಿನಲ್ಲಿ ನಿಂತವರು. ನನಗಂತೂ ಮೈ ಉರಿಯುತ್ತದೆ. ಅಲ್ಲೇ ಕಳ್ಳಪ್ಪನ ಗುಡಿಯೂ ಇದೆ. ಒಡವೆ ಕದಿಯಲು ಬಂದ ನಾಲ್ವರು ಕಳ್ಳರನ್ನೂ ಅಮ್ಮ ಕಲ್ಲು ಮಾಡಿದಳಂತೆ. ಕಳ್ಳರಿಗಾದರೆ ಅದು ಶಾಪ, ಸೊಸೆಗಾದರೆ ವರ! ಬಟ್ಟಲೆತ್ತಿದ ಅತ್ತೆಗೇನಾಯಿತು? ಕತೆ ಹೇಳುವವರು ಅಲ್ಲಿಗೆ ಬಾಯಿ ಮುಚ್ಚುತ್ತಾರೆ. ಅವಳು ಮನೆಗೆ ಹೋಗಿ ಮುದ್ದೆ ಉಂಡು ಮಲಗಿದಳೆಂದೇ ನನ್ನ ಅಂದಾಜು. ದೇವಿಯನ್ನು ದೂರುತ್ತಿಲ್ಲ, ಕತೆ ಕಟ್ಟಿದವರನ್ನು ಕೇಳುತ್ತಿದ್ದೇನೆ.

ಕಾಲ ಬದಲಾಗಿದೆ ಎನ್ನಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಬಸ್ಸುಗಳಿಂದ ಬುತ್ತಿ ಕಟ್ಟಿಕೊಂಡ ಹೆಂಗಸರು ಹಾಸನದಲ್ಲಿ ಇಳಿಯತೊಡಗಿದರು. ಕೂಡಲೇ ಶುರುವಾಯಿತಲ್ಲ, ‘ಫ್ರೀ ಬಸ್ಸು ಬಂದ ಮೇಲೆ ಹೆಂಗಸರು ಮನೆಯಲ್ಲಿ ನಿಲ್ಲುತ್ತಿಲ್ಲ’ ಎಂಬ ಗೊಣಗಾಟ! ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಲ್ಲೂ. ಅದೇ ಬಟ್ಟಲು, ಕೈ ಮಾತ್ರ ಬೇರೆ. ಇದನ್ನು ಹೇಳುವ ಗಂಡಸರು ಶಬರಿಮಲೆಗೆ ಹೊರಟಾಗ ಇರುಮುಡಿಗೆ ಅಕ್ಕಿ ಹಾಕಿ ಕಳಿಸುವವರು ನಾವೇ.

ಇನ್ನು ಬಾಗಿಲು ತೆರೆಯುವ ದಿನಗಳು. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಬಲಿಪಾಡ್ಯಮಿಯ ಮರುದಿನದವರೆಗೆ. ಅಂದರೆ ಮನೆ ಸಾರಿಸಿ, ಹಂಡೆ ಬೆಳಗಿ, ನೀರು ತುಂಬಿ, ಎಣ್ಣೆ ನೀರೆರೆದು, ಕಜ್ಜಾಯಕ್ಕೆ ಅಕ್ಕಿ ಕುಟ್ಟುವ ದಿನಗಳು. ಸಾವಿರ ರೂಪಾಯಿ ಟಿಕೆಟ್ಟಿನವರು ಬೇಗ ಒಳಗೆ ಹೋಗಬಹುದು. ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದವಳು ಒಲೆಯನ್ನು ಯಾರ ಕೈಗೆ ಕೊಟ್ಟು ಬರಬೇಕು?

ಇಷ್ಟೆಲ್ಲ ಬರೆಯುವ ನಾನೇ ಹೋದ ದೀಪಾವಳಿಯಲ್ಲಿ ಏನು ಮಾಡಿದೆ ಗೊತ್ತೆ? ನಸುಕಿನಲ್ಲೇ ತಲೆಗೆ ಮಿಂದು ಬಂದ ನನ್ನ ಸೊಸೆ, ‘ಅತ್ತೆ, ಅಮ್ಮನ್ನ ನೋಡ್ಕೊಂಡು ಬರ್ತೀನಿ’ ಎಂದಳು. ‘ಕಜ್ಜಾಯ ಮುಗಿಸಿ ಹೋಗಮ್ಮ’ ಎಂದಿತು ನನ್ನ ನಾಲಿಗೆ. ಅವಳು ಮಾತಾಡದೆ ಬಾಣಲೆ ಇಟ್ಟಳು. ಆ ಬೆನ್ನು ನೋಡಿ ನನಗೇ ಗಂಟಲು ಕಟ್ಟಿತು. ಅವಳ ಕೈಯಿಂದ ಸೌಟು ಕಿತ್ತುಕೊಂಡೆ. ‘ಹೊರಡು, ನಾನೂ ಬರ್ತೀನಿ’ ಎಂದು ಮಗನನ್ನು ಎಬ್ಬಿಸಿ ಪಾಕ ಒಪ್ಪಿಸಿದೆವು.

ಸೊಸೆಕಲ್ಲಿನ ಮುಂದೆ ನಿಲ್ಲಲು ಬಿಡಲಿಲ್ಲ, ‘ನಡೀರಿ, ನಡೀರಿ’ ಎಂದು ದೂಡಿದರು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದರೆ ಮಗ ಬೆವರೊರೆಸಿಕೊಳ್ಳುತ್ತ ಕೂತಿದ್ದ. ಪಾಕ ಏರಿತ್ತು, ಕಜ್ಜಾಯ ಹಲ್ಲಿಗೆ ಬಗ್ಗಲಿಲ್ಲ. ಕಾಫಿಯಲ್ಲಿ ಅದ್ದಿಕೊಂಡು ತಿಂದೆವು.